ಅವನ ಎಡಗಡೆ ನಿಲ್ಲುವ ಕೆಲಸ

ಪುಟ್ಟ ಎಂಜಿನ್ನಿನ ದೋಣಿಗಳನ್ನು ಕೆರೆಯಲ್ಲಿ ಓಡಿಸಿ ಸ್ಪರ್ಧೆ ನಡೆಸುವ ಆಟವೊಂದಿದೆ. ದೋಣಿ ಒಂದು ಮೊಳಕ್ಕಿಂತ ತುಸು ಉದ್ದ. ಅದರಲ್ಲಿ ಯಾರೂ ಕೂರುವುದಿಲ್ಲ. ಓಡಿಸುವವನು ದಡದ ಮೇಲೆ ರಿಮೋಟು ಹಿಡಿದು ನಿಂತಿರುತ್ತಾನೆ. ಅವನ ಎಡಗಡೆ ಒಬ್ಬ ಸಹಾಯಕ ನಿಂತಿರುತ್ತಾನೆ. ನೋಡಲು ಬಂದವರೆಲ್ಲ ನೀರು ನೋಡುತ್ತಾರೆ, ಆಮೇಲೆ ಗೆದ್ದವನ ಮುಖ ನೋಡುತ್ತಾರೆ. ಎಡಗಡೆಯವನನ್ನು ಯಾರೂ ನೋಡುವುದಿಲ್ಲ. ಅವನು ಕಣ್ಣಿಗೆ ಬಿದ್ದನೆಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ.

ನಾನು ಬಹಳ ವರ್ಷ ಒಬ್ಬ ಗೆಳೆಯನ ಪಾಲಿಗೆ ಆ ಎಡಗಡೆಯವನಾಗಿದ್ದೆ. ಈಗ ಅಲ್ಲ. ಆ ಜಾಗವನ್ನು ಯಾರೂ ನನ್ನಿಂದ ಕಸಿದುಕೊಳ್ಳಲಿಲ್ಲ, ನಾನೇ ಕಳೆದುಕೊಂಡೆ. ಈ ವಯಸ್ಸಿನಲ್ಲಿ ಉಣ್ಣುವ, ತಿರುಗುವ ಆಸೆಗಳೆಲ್ಲ ಒಂದೊಂದಾಗಿ ಎದ್ದು ಹೋದವು. ಇನ್ನೊಮ್ಮೆ ಅವನ ಎಡಗಡೆ ನಿಲ್ಲಬೇಕು ಎಂಬ ಆಸೆ ಮಾತ್ರ ಎದ್ದು ಹೋಗುತ್ತಿಲ್ಲ.

ಮೊರಬದಲ್ಲಿ ನನಗೆ ಡೀಸೆಲ್ ಪಂಪ್‌ಸೆಟ್ ರಿಪೇರಿಯ ಅಂಗಡಿ ಇತ್ತು. ಹೈಸ್ಕೂಲು ಮುಗಿಸಿ ಬಂದ ಬೇಸಿಗೆಯಲ್ಲೇ ಸ್ಪ್ಯಾನರ್ ಹಿಡಿದವನು, ಬೆರಳು ಮಾತು ಕೇಳುವವರೆಗೂ ಬಿಡಲಿಲ್ಲ. ಎರೆಹೊಲದಿಂದ ಟ್ರ್ಯಾಕ್ಟರಿನಲ್ಲಿ ಎಂಜಿನ್ ತಂದು ಇಳಿಸಿದ ರೈತ ಮೊದಲು ಹೇಳುತ್ತಿದ್ದುದು ಒಂದೇ ಮಾತು: "ಹೊಗಿ ಬಾಳ ಕಾರತೈತ್ರಿ." ಡೀಸೆಲ್ ಎಂಜಿನ್ ಹೊಗೆ ಬಿಟ್ಟರೆ ರೈತನ ಎಣ್ಣೆ ಸುಮ್ಮನೆ ಗಾಳಿಗೆ ಹೋಗುತ್ತಿದೆ ಎಂದು ಲೆಕ್ಕ. ನಾನು ಬಿಚ್ಚಿ ಜೋಡಿಸಿದ ಎಂಜಿನ್ನಿನ ಹೊಗೆಕೊಳವೆಯ ಬಾಯಿಗೆ ಬಿಳಿ ಟವೆಲು ಹಿಡಿದರೂ ಕಲೆ ಬೀಳಬಾರದು ಎಂಬುದು ನನ್ನ ಹಟ. ಹಿಡಿದು ತೋರಿಸುತ್ತಲೂ ಇದ್ದೆ. ಸುತ್ತಲಿನ ಊರುಗಳಲ್ಲಿ ನನಗೆ ಏನಾದರೂ ಹೆಸರಿದ್ದರೆ ಅದು ಆ ಟವೆಲಿನಿಂದ ಬಂದದ್ದು. ನನ್ನ ತಪ್ಪು ಬಂದದ್ದೂ ಅಲ್ಲಿಂದಲೇ.

ಗೆಳೆಯ ನವಲಗುಂದದವನು. ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇಥ್ ಮಷಿನ್ ನಡೆಸಿ ನಿವೃತ್ತನಾಗಿದ್ದ. ಅವನ ಮನೆಯಲ್ಲಿ ಹೆಂಗಸರು ತಲೆಮಾರುಗಳಿಂದ ಜಮಖಾನೆ ನೇಯ್ದುಕೊಂಡು ಬಂದವರು. ಹೆಂಡತಿ ಈಗಲೂ ಮಗ್ಗದ ಮುಂದೆ ಕೂರುತ್ತಾಳೆ. ಅವನು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಬಲಗೈಯನ್ನು ಗುಬ್ಬಿಮರಿ ಹಿಡಿದವನಂತೆ ಮುಚ್ಚಿಕೊಂಡಿದ್ದ.

"ಇದರ ಪೈಪಿಗೆ ಕೂಡೋ ಕ್ಲಿಪ್ಪು ಐತೇನ್ರಿ?" ಎಂದು ಕೈ ಬಿಚ್ಚಿದ. ಅಂಗೈಯಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಎಂಜಿನ್ ಇತ್ತು. ಸಿಲಿಂಡರು, ಪಿಸ್ಟನ್ನು, ಕಾರ್ಬೊರೇಟರು ಎಲ್ಲವೂ ಇತ್ತು.

"ಏನ್ರಿ ಇದು? ಮಕ್ಕಳ ಆಟಗಿ ಸಾಮಾನೇನು?"

"ಮಕ್ಕಳ ಕೈಯಾಗ ಕೊಟ್ರ ಬೆರಳು ಉಳಿಯಂಗಿಲ್ರಿ."

ಬಾಜುದಲ್ಲಿ ಕೂತಿದ್ದ ರೈತನೊಬ್ಬ, "ಇದರಿಂದ ಎಷ್ಟು ಎಕರೆ ನೀರು ಹಾಯಸಬೌದ್ರಿ?" ಎಂದು ಕೇಳಿದ.

"ಒಂದು ತುಳಸಿ ಗಿಡಕ್ಕ ಸಾಕಾಗತೈತಿ ನೋಡ್ರಿ," ಎಂದ ಗೆಳೆಯ, ನಗದೆ.

ಅಂಗಡಿಯ ಬೆಂಚಿನ ವೈಸಿಗೆ ಬಿಗಿದು ಅದನ್ನು ಹತ್ತಿಸಿ ತೋರಿಸಿದ. ದನಿ ಕಣಜದ ಗೂಡಿನಂತೆ ಎದ್ದಿತು. ನೀಲಿ ಹೊಗೆ ಅಂಗಡಿ ತುಂಬ ಹರಡಿತು. ಅದರಲ್ಲಿ ಸುಟ್ಟ ಔಡಲೆಣ್ಣೆಯ ವಾಸನೆ ಇತ್ತು. ಅದಕ್ಕೆ ಹಾಕುವ ಸ್ಪಿರಿಟಿನಲ್ಲೇ ಔಡಲೆಣ್ಣೆ ಬೆರೆಸಿರುತ್ತಾರೆಂದು ಆಮೇಲೆ ತಿಳಿಯಿತು. ಅದನ್ನು ನೋಡಿ ನಾನು ಆಡಿದ ಮಾತು ಇಷ್ಟೇ: "ಹೊಗಿ ಬಾಳ ಆತಲ್ರಿ." ಅವನು ಹೇಳಿದ: "ಆ ಹೊಗೀನ ಇದರ ಜೀವ ರಿ."

ಅವನ ಮಾತು ಕೇಳಿಸಿತು. ಒಳಗೆ ಹೋಗಲಿಲ್ಲ.

ನಮ್ಮ ಕಡೆಯ ಕೆರೆಗಳು ಕುಡಿಯುವ ನೀರಿನವು, ಎಣ್ಣೆ ಬೀಳುವ ಆಟಕ್ಕೆ ಅಲ್ಲಿ ಜಾಗವಿಲ್ಲ. ಹೀಗಾಗಿ ಮಳೆಗಾಲ ಮುಗಿದ ಮೇಲೆ ಕಲಘಟಗಿ ಕಡೆ, ದೇವಿಕೊಪ್ಪ ದಾಟಿ ಹೋದರೆ ಸಿಗುವ ಒಂದು ಕೆರೆಗೆ ಹೋಗುತ್ತಿದ್ದೆವು. ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ ಕಡೆಯಿಂದ ಇದೇ ಹುಚ್ಚಿನ ಕೆಲವರು ಬರುತ್ತಿದ್ದರು. ನೀರಿನ ಮೇಲೆ ಬಣ್ಣದ ಡಬ್ಬಿಗಳನ್ನು ತೇಲಿಬಿಟ್ಟು ಸುತ್ತು ಗುರುತಿಸುವುದು, ಆ ಸುತ್ತಿನಲ್ಲಿ ದೋಣಿಗಳನ್ನು ಒಟ್ಟಿಗೆ ಓಡಿಸುವುದು, ನಡುವೆ ನಿಂತುಹೋದ ದೋಣಿಗಳನ್ನು ಕೊನೆಗೆ ಹೋಗಿ ತರುವುದು, ಇಷ್ಟೇ ಆಟ. ದಡದಲ್ಲಿ ಎಲ್ಲರೂ ಪ್ಲಾಸ್ಟಿಕ್ ಹಾಳೆ ಹಾಸಿದರೆ ನಾವು ನೇಯ್ಗೆಯಲ್ಲಿ ಬಣ್ಣ ತಪ್ಪಿದ ಜಮಖಾನೆಯ ತುಂಡೊಂದನ್ನು ಹಾಸುತ್ತಿದ್ದೆವು. ಅದರ ಮೇಲೆ ಸಣ್ಣ ನಟ್ಟು ಬಿದ್ದರೆ ಉರುಳುತ್ತಿರಲಿಲ್ಲ.

ಸಹಾಯಕನ ಕೆಲಸವನ್ನು ನಾನು ಬೈಸಿಕೊಂಡು ಕಲಿತೆ. ಮೊದಲು ರಿಮೋಟು ಚಾಲೂ ಆಗಬೇಕು, ಆಮೇಲೆ ದೋಣಿಯ ಬ್ಯಾಟರಿ. ಉಲ್ಟಾ ಮಾಡಿದರೆ ದೋಣಿ ಯಾರ ಮಾತೂ ಕೇಳದೆ ಓಡಿಬಿಡುತ್ತದೆ. ಒಮ್ಮೆ ಹಾಗೆಯೇ ಆಗಿ ಎದುರು ದಡದ ಆಪು ಹುಲ್ಲಿನಲ್ಲಿ ನುಗ್ಗಿ ನಿಂತಿತು. ಅಲ್ಲಿ ನೀರು ಕುಡಿಯುತ್ತಿದ್ದ ಎಮ್ಮೆಗಳು ಬಾಲ ಎತ್ತಿಕೊಂಡು ಓಡಿದವು. ಎಂಜಿನ್ ಹತ್ತಿಸಿದ ಮೇಲೆ ದೋಣಿಯನ್ನು ಎರಡೂ ಕೈಯಿಂದ ಎತ್ತಿ, ನೀರಿಗೆ ಮೊಣಕಾಲೂರಿ ಕೂತು, ಹಿಂದಿನ ಫ್ಯಾನಿನಿಂದ ಬೆರಳು ದೂರವಿಟ್ಟು, ಅವನು "ಬಿಡು" ಎಂದಾಗ ನೂಕಬಾರದು, ಬರೀ ಬಿಡಬೇಕು. ನೂಕಿದರೆ ಮೂತಿ ನೀರಿಗೆ ಹೋಗುತ್ತದೆ. ಇದನ್ನು ತಿಳಿಯುವುದಕ್ಕೇ ನನಗೆ ಒಂದು ಚಳಿಗಾಲ ಬೇಕಾಯಿತು.

"ದೋಣಿ ಬಿಡು ಅಂದ್ರ ಕೂಸು ಅಂಬೆಗಾಲು ಇಡೋ ಮುಂದ ಬಿಟ್ಟಂಗ ಬಿಡಬೇಕಲೇ. ನೀ ಚಕ್ಕಡಿ ನೂಕಿದಂಗ ನೂಕ್ತಿ."

"ನಾ ಕೂಸು ಎತ್ತಿದಂವ ಅಲ್ಲೋ. ಎಂಜಿನ್ ಎತ್ತಿದಂವ."

"ಅದಕ್ಕ ನಿನ್ನ ಮಕ್ಕಳು ನಿನ್ನ ಕಂಡ್ರ ದೂರ ನಿಂದರತಾವು."

ದೋಣಿ ಬಿಟ್ಟ ಮೇಲೆ ನಿಜವಾದ ಕೆಲಸ ಶುರುವಾಗುತ್ತಿತ್ತು. ಓಡಿಸುವವನು ತನ್ನ ದೋಣಿಯ ಮೇಲಿನ ಕಣ್ಣು ತೆಗೆಯುವಂತಿಲ್ಲ. ಮುಂದೆ ಏನಿದೆ, ಹಿಂದೆ ಯಾರು ಬರುತ್ತಿದ್ದಾರೆ, ಯಾವ ದೋಣಿ ಎಂಜಿನ್ ನಿಂತು ನಡುನೀರಲ್ಲಿ ಸತ್ತು ಬಿದ್ದಿದೆ, ಎಲ್ಲವನ್ನೂ ಎಡಗಡೆಯವನು ನೋಡಿ ಹೇಳಬೇಕು. ಹೇಳುವುದೂ ಚಿಕ್ಕದಾಗಿರಬೇಕು. "ಮುಂದ ಸತ್ತೈತಿ, ಒಳಗ ಹಿಡಿ." "ಹೊರಗ ಒಬ್ಬಾಂವ." "ಖಾಲಿ, ಹೊಡಿ." ಜೋರಾಗಿ ಕೂಗಬಾರದು, ಅವನ ಕಿವಿಗೆ ಮಾತ್ರ ಮುಟ್ಟಬೇಕು. ಚಪ್ಪಾಳೆ, ಶಾಬ್ಬಾಸು ಯಾವುದೂ ಇಲ್ಲ. ನಾನು "ಖಾಲಿ" ಎಂದರೆ ಅವನು ನೋಡದೆ ದೋಣಿಯನ್ನು ಪೂರ್ತಿ ವೇಗದಲ್ಲಿ ಆ ಖಾಲಿ ಜಾಗಕ್ಕೆ ಬಿಡುತ್ತಿದ್ದ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕತ್ತು ತಿರುಗಿಸಿ, ನಾನು ಹೇಳಿದ್ದು ಹೌದೋ ಅಲ್ಲವೋ ಎಂದು ನೋಡಲಿಲ್ಲ.

ನನ್ನ ಮಾತನ್ನು ಮನೆಯಲ್ಲಾಗಲಿ, ಊರಲ್ಲಾಗಲಿ ಯಾರೂ ಹಾಗೆ ಕೇಳಿರಲಿಲ್ಲ. ಹೆಂಡತಿ ಬದುಕಿದ್ದಾಗ ನಾನು ಮಳೆ ಬರುತ್ತಿದೆ ಎಂದರೂ ಅಂಗಳಕ್ಕೆ ಹೋಗಿ ಕೈ ಚಾಚಿ ನೋಡುತ್ತಿದ್ದಳು. ಇವನು ಮಾತ್ರ ನನ್ನ ಒಂದು ಶಬ್ದದ ಮೇಲೆ ತಿಂಗಳುಗಟ್ಟಲೆ ಕೂತು ಕಟ್ಟಿದ ದೋಣಿಯನ್ನು ಬಿಡುತ್ತಿದ್ದ. ಈಗ ಅಂಗಡಿ ಇಲ್ಲದ ಮಧ್ಯಾಹ್ನಗಳಲ್ಲಿ ಕಟ್ಟೆಯ ಮೇಲೆ ಕೂತಾಗ ನನಗೆ ನೆನಪಾಗುವುದು ಗೆದ್ದ ಓಟಗಳಲ್ಲ. ಒದ್ದೆ ಪ್ಯಾಂಟಿನಲ್ಲಿ ಎದ್ದು ಅವನ ಬಾಜು ಬಂದು ನಿಂತು, ಉಸಿರು ಹಿಡಿದು ನೀರು ನೋಡಿ, "ಖಾಲಿ" ಎಂದು ಹೇಳುತ್ತಿದ್ದ ಆ ಕ್ಷಣ.

ಎಂಜಿನ್ನಿಗೆ ಎಷ್ಟು ಇಂಧನ ಹೋಗಬೇಕು ಎಂಬುದನ್ನು ಒಂದು ಸಣ್ಣ ತಿರುಪು ನೋಡಿಕೊಳ್ಳುತ್ತದೆ. ಅದನ್ನು ನಾವು ಸೂಜಿ ಎನ್ನುತ್ತಿದ್ದೆವು. ಸೂಜಿ ಮುಚ್ಚಿದಷ್ಟು ಹೊಗೆ ಕಡಿಮೆ, ವೇಗ ಜಾಸ್ತಿ, ಆದರೆ ಪಿಸ್ಟನ್ ಸವೆಯದಂತೆ ಕಾಯುವ ಔಡಲೆಣ್ಣೆಯೂ ಕಡಿಮೆ. ಗೆಳೆಯ ದಡದಲ್ಲಿ ಅದನ್ನು ಬೇಕೆಂದೇ ಸ್ವಲ್ಪ ಹೆಚ್ಚು ತೆರೆದಿಡುತ್ತಿದ್ದ. ಓಡುತ್ತ ಓಡುತ್ತ ಟ್ಯಾಂಕು ಬರಿದಾದಂತೆ ಒಳಗೆ ಹೋಗುವ ಇಂಧನ ತಾನಾಗಿಯೇ ಕಡಿಮೆಯಾಗುತ್ತದೆ, ಕೊನೆಯ ಸುತ್ತಿಗೆ ಅಳತೆ ಸರಿಯಾಗುತ್ತದೆ ಎಂಬುದು ಅವನ ಅನುಭವ. ಅವನು ನನಗೆ ಹಾಕಿಕೊಟ್ಟ ನಿಯಮ ಒಂದೇ: ಸೂಜಿ ಮುಟ್ಟುವುದಿದ್ದರೆ ತನಗೆ ತೋರಿಸಿ ಮುಟ್ಟಬೇಕು.

ನಾನು ತಪ್ಪು ಮಾಡಿದ ದಿನ ಶಲವಡಿಯ ಒಬ್ಬ ರೈತ ಮಗಳ ಊರಿಗೆ ಬಂದವನು ಕೆರೆಯ ಒಡ್ಡಿನ ಮೇಲೆ ಬಂದು ನಿಂತಿದ್ದ. ನನ್ನ ಹಳೆಯ ಗಿರಾಕಿ. ನನ್ನನ್ನು ನೋಡಿ ಖುಷಿಯಾಗಿ ಸುತ್ತಲಿನವರಿಗೆಲ್ಲ, "ಇವರು ನಮ್ಮ ಕಡಿ ದೊಡ್ಡ ಮೇಸ್ತ್ರಿ ರಿ, ಇವರ ಎಂಜಿನ್ನಿಗೆ ಟವೆಲ್ ಹಿಡೀರಿ, ಒಂದು ಕಪ್ಪು ಹತ್ತಂಗಿಲ್ಲ," ಎಂದು ಹೇಳಿದ. ನಾವು ಎಂಜಿನ್ ಹತ್ತಿಸಿ ಬಿಸಿಯಾಗಲು ಬಿಟ್ಟೆವು. ಹೊಗೆ ಗಾಳಿಯೊಂದಿಗೆ ನೇರ ಅವನ ಮುಖಕ್ಕೆ ಹೋಯಿತು. ಅವನು ಕೆಮ್ಮಿ ನಕ್ಕ.

"ಏನ್ರಿ ಮೇಸ್ತ್ರಿ, ಇಷ್ಟು ಹೊಗಿ? ವಯಸ್ಸಾತೇನು ಕೈಗೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಎಂಜಿನ್ ಬಂದ್ ಮಾಡಿದೆ. ಗೆಳೆಯ ರಿಮೋಟಿನ ಬ್ಯಾಟರಿ ಬದಲಿಸಲು ಗಾಡಿಯ ಕಡೆಗೆ ಹೋಗಿದ್ದ. ನಾನು ಬಾಗಿ ಸೂಜಿ ಮುಚ್ಚಿದೆ. ಕಾಲು ಸುತ್ತಿಗಿಂತಲೂ ಕಡಿಮೆ. ಮತ್ತೆ ಹತ್ತಿಸಿದಾಗ ಹೊಗೆ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ಶಲವಡಿಯವನು, "ಈಗ ಬರೋಬರಿ ನೋಡ್ರಿ," ಎಂದ. ಗೆಳೆಯ ಬಂದ, ನಾನು ಏನೂ ಹೇಳಲಿಲ್ಲ. ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಓಟಕ್ಕೆ ಕರೆದರು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೇಳಬೇಕೆಂದು ನಾನು ಅಂದುಕೊಂಡಿರಲೇ ಇಲ್ಲ.

ದೋಣಿ ಹಿಂದೆಂದೂ ಓಡದಷ್ಟು ಜೋರಾಗಿ ಓಡಿತು. ಹೊಗೆಯ ಗೆರೆಯಿಲ್ಲದೆ, ಬರೀ ನೀರಿನ ಬಿಳಿ ಗೆರೆ ಎಳೆಯುತ್ತ ಎಲ್ಲರನ್ನೂ ದಾಟಿತು. ಒಡ್ಡಿನ ಮೇಲಿನವರು ಸಿಳ್ಳೆ ಹಾಕಿದರು. ಇನ್ನೇನು ಕೆಲವೇ ಸುತ್ತು ಉಳಿದಿವೆ ಎನ್ನುವಾಗ ಗೆಳೆಯ ಕತ್ತು ಸ್ವಲ್ಪ ಓರೆ ಮಾಡಿದ. ಕಣ್ಣು ದೋಣಿಯ ಮೇಲೆಯೇ ಇತ್ತು.

"ದನಿ ಹೆಂಗ ಕೇಳತೈತಿ?" ಎಂದು ಕೇಳಿದ.

ದನಿ ಏರಿತ್ತು. ತೆಳ್ಳಗಾಗಿ ಸೀಟಿಯಂತೆ ಬರುತ್ತಿತ್ತು, ಒಳಗೆ ಎಣ್ಣೆ ಸಾಲದಾಗ ಬರುವ ದನಿ. ಪಂಪ್‌ಸೆಟ್ಟಿನ ಒಂದೊಂದು ಕೆಮ್ಮನ್ನೂ ಗುರುತು ಹಿಡಿಯುತ್ತಿದ್ದ ನನಗೆ ಅದು ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ವೇಗ ಇಳಿಸು ಎಂದರೆ ಯಾಕೆ ಎನ್ನುತ್ತಾನೆ, ಯಾಕೆ ಎಂದರೆ ಸೂಜಿಯ ಮಾತು ಹೊರಬೀಳುತ್ತದೆ.

"ಅಗದಿ ಚಲೋ ಐತಿ," ಎಂದೆ. "ಖಾಲಿ, ಹೊಡಿ."

ಅವನು ಹೊಡೆದ. ಎದುರಿನ ತಿರುವು ಮುಟ್ಟುವ ಮೊದಲೇ ದನಿ ಕತ್ತರಿಸಿದಂತೆ ನಿಂತಿತು. ದೋಣಿ ಮೂತಿ ತಗ್ಗಿಸಿ ನೀರಿನಲ್ಲಿ ಕೂತುಬಿಟ್ಟಿತು.

ಜಮಖಾನೆಯ ಮೇಲೆ ಕೂತು ಅವನು ಎಂಜಿನ್ ಬಿಚ್ಚಿದ. ಪಿಸ್ಟನ್ನಿನ ಮೈತುಂಬ ಗೀರುಗಳಿದ್ದವು, ಎಣ್ಣೆ ಸಾಲದೆ ಸಿಲಿಂಡರಿಗೆ ಹಿಡಿದುಕೊಂಡಿತ್ತು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆ ಎಂಜಿನ್ನಿನ ಪಿಸ್ಟನ್ನನ್ನು ಅವನೇ ಲೇಥ್ ಮೇಲೆ ಕೂದಲೆಳೆಯಷ್ಟು ನೋಡಿ ನೋಡಿ ತೆಗೆದಿದ್ದ. ಅವನು ನನ್ನನ್ನು ಸೂಜಿ ಮುಟ್ಟಿದೆಯಾ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವನು ಕೇಳಿದ್ದು ಬೇರೆ.

"ಕಡೀಕ ನನಗ ದನಿ ಏರಿದಂಗ ಕೇಳಿತ್ತು. ನಿನಗ ಕೇಳಿಲ್ಲ ಹೌದಲ್ಲೋ?"

"ಇಲ್ಲ."

"ಹಂಗಾರ ನನ್ನ ಕಿವಿ ಹೋದ್ವು," ಎಂದ. "ಏರಿದಾಗ ಏರಿಲ್ಲ ಅಂತ ಕೇಳಿದ್ರ ಒಂದು ಮಾತು. ಏರದನ ಏರೇತಿ ಅಂತ ಕೇಳಾಕತ್ತಿದ್ರ ಇನ್ನ ಓಡಿಸೋದು ಏನೈತಿ."

ಅವನಿಗೆ ತನ್ನ ಕಿವಿಗಿಂತ ನನ್ನ ನಾಲಿಗೆಯ ಮೇಲೆ ಹೆಚ್ಚು ನಂಬಿಕೆ ಇತ್ತು.

ಅವನು ದೋಣಿ ಓಡಿಸುವುದನ್ನು ಬಿಟ್ಟ. ಎಂಜಿನ್ನನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ನಾನು ಆಗಾಗ ಬಸ್ಸು ಹತ್ತಿ ನವಲಗುಂದಕ್ಕೆ ಹೋಗುತ್ತಿದ್ದೆ. ಚಹಾ ಕುಡಿಯುತ್ತಿದ್ದೆವು, ಮಳೆ ಬೆಳೆ ಮಾತಾಡುತ್ತಿದ್ದೆವು. ದೋಣಿಯ ಮಾತು ನಾನಾಗಿ ಎತ್ತುತ್ತಿರಲಿಲ್ಲ. ನಿಧಾನವಾಗಿ ಅವನು ಬೇರೆ ಮಾತುಗಳನ್ನೂ ಕಡಿಮೆ ಮಾಡಿದ. ಯಾರಾದರೂ ಏನಾದರೂ ಹೇಳಿದರೆ, ಕೇಳಿಸಿದರೂ, "ಏನಂದ್ರಿ?" ಎಂದು ಕೇಳುತ್ತಿದ್ದ. ಫೋನು ಬಂದರೆ ಹೆಂಡತಿಯ ಕೈಗೆ ಕೊಡುತ್ತಿದ್ದ. ಮದುವೆ ಮನೆಗಳಲ್ಲಿ ನಾಲ್ಕು ಜನ ಕೂತಲ್ಲಿ ಕೂರದೆ ಬಾಗಿಲ ಹೊರಗೆ ನಿಲ್ಲುತ್ತಿದ್ದ. ಲೇಥ್ ಮಷಿನ್ನಿನ ಮುಂದೆ ಅಷ್ಟು ವರ್ಷ ನಿಂತವನಿಗೆ ಕಿವಿ ಮಂದವಾಗುವುದು ಸಹಜ ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದೆ. ಹಾಗೆ ಅಂದುಕೊಂಡರೆ ನನ್ನ ಪಾಲು ಸ್ವಲ್ಪ ಕಡಿಮೆಯಾಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ಒಮ್ಮೆ ಹೋದಾಗ ಅವನು ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಮಗ್ಗದ ಮುಂದೆ ಕೂತಿದ್ದಳು. ನೂಲು ಗಂಟು ಹಾಕುತ್ತಲೇ ಮಾತಾಡಿದಳು.

"ಕಿವಿ ತೋರಿಸಾಕ ಕರಕೊಂಡ ಹೋಗಿದ್ದೆ ಭಾಯಿ. ಮಗ ಜಬರದಸ್ತಿ ಮಾಡಿದ. ಡಾಕ್ಟರು ಕಿವಿಗೆ ಮಷಿನ್ ಹಚ್ಚಿ ನೋಡಿದ್ರು. ಈ ವಯಸ್ಸಿಗೆ ಇಷ್ಟು ಚಲೋ ಕೇಳೋದು ಅಪರೂಪ ಅಂದ್ರು."

"ಹಂಗಾರ ಅಂವ ಏನಂದ?"

"ಏನಂತಾರ? ಮಷಿನ್ ಕೆಟ್ಟೈತಿ ಅಂದ್ರು." ಆಮೇಲೆ ಕೈ ನಿಲ್ಲಿಸಿ, "ಡಾಕ್ಟರ್ ಮಾತು ನಂಬಂಗಿಲ್ಲ, ನನ್ನ ಮಾತು ನಂಬಂಗಿಲ್ಲ. ಯಾರೋ ಇವರ ತಲ್ಯಾಗ ಅದನ್ನ ಮೊಳಿ ಹೊಡದಂಗ ಹೊಡದಾರ ನೋಡ್ರಿ," ಎಂದಳು.

ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಚಹಾ ಬೇಡವೆಂದು ಎದ್ದು ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಮೊರಬದ ಬಸ್ಸು ಬಂತು. ಹತ್ತಲಿಲ್ಲ. ತಿರುಗಿ ಅವನ ಮನೆಗೆ ನಡೆದೆ. ಅಷ್ಟರಲ್ಲಿ ಅವನು ಬಂದು ಚಪ್ಪಲಿ ಬಿಡುತ್ತಿದ್ದ.

"ಆ ದಿನ ಸೂಜಿ ನಾ ತಿರುವಿದ್ದೆ," ಎಂದೆ. ನಿಂತೇ ಹೇಳಿದೆ.

ಮಗ್ಗದ ಸದ್ದು ನಿಂತಿತು.

"ಯಾವ ದಿನ?"

"ಎಂಜಿನ್ ಹಿಡದ ದಿನ. ನೀ ಬ್ಯಾಟರಿ ತರಾಕ ಹೋಗಿದ್ದಿ. ಮಂದಿ ಹೊಗಿ ನೋಡಿ ನಕ್ಕರು. ನಾ ಮುಚ್ಚಿದೆ."

"ಎಷ್ಟು?"

"ಕಾಲು ಸುತ್ತಿಗಿಂತ ಕಡಿಮಿ."

ಅವನು ಹೆಬ್ಬೆರಳು, ತೋರುಬೆರಳು ಕೂಡಿಸಿ ಗಾಳಿಯಲ್ಲಿ ಅಷ್ಟು ತಿರುವಿ ನೋಡಿದ. "ಕಡೀಕ ದನಿ ಏರಿತ್ತೇನು?"

"ಏರಿತ್ತು."

"ತೆಳ್ಳಗ, ಸೀಟಿ ಊದಿದಂಗ?"

"ಹೌದು."

ಅವನ ಮುಖದಲ್ಲಿ ಆಗ ಬಂದ ಸಂತೋಷವನ್ನು ನಾನು ಯಾವ ಓಟ ಗೆದ್ದಾಗಲೂ ಕಂಡಿರಲಿಲ್ಲ. ಹೆಂಡತಿಯ ಕಡೆ ತಿರುಗಿ, "ಕೇಳಿದೇನು? ನನಗ ಕೇಳಿತ್ತು. ಸೀಟಿ ಊದಿದಂಗ ಕೇಳಿತ್ತು ಅಂತ ನಿನಗ ಹೇಳಿದ್ದೆ," ಎಂದ.

"ಹೇಳಿದ್ರಿ. ಆಮ್ಯಾಲ ನೀವ ಇಲ್ಲ ಅಂದ್ರಿ," ಎಂದಳು ಅವಳು. ಅವಳು ನನ್ನನ್ನೇ ನೋಡುತ್ತಿದ್ದಳು.

ಸಂತೋಷ ಅವನ ಮುಖದಿಂದ ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ನನ್ನ ಕಡೆ ತಿರುಗಿದ.

"ನಾ ನಿನ್ನ ಕೇಳಿದ್ದೆ."

"ಕೇಳಿದ್ದಿ."

"ನೀ ಚಲೋ ಐತಿ ಅಂದಿ."

"ಅಂದೆ."

"ಸೂಜಿ ತಿರುವಿದ್ದು ಬಿಡು. ನಾನೂ ಎಷ್ಟೋ ಎಂಜಿನ್ ಸುಟ್ಟೀನಿ. ಕೇಳಿದಾಗ ಹೇಳಬೇಕಿತ್ತು." ಚಪ್ಪಲಿ ಬದಿಗೆ ಸರಿಸಿ, "ಇನ್ನ ಹೋಗು," ಎಂದ.

"ಚಾ ಇಟ್ಟೀನ್ರಿ," ಎಂದಳು ಅಷ್ಟರಲ್ಲಿ ಎದ್ದು ಹೋಗಿದ್ದ ಹೆಂಡತಿ, ಒಳಗಿನಿಂದ.

"ಚಾ ಕುಡದು ಹೋಗು."

ಕುಡಿದೆ. ಮೂವರೂ ಕುಡಿದೆವು. ಅವನು ಬೈದಿದ್ದರೆ ನಾನು ಬೈಸಿಕೊಂಡು ಹಗುರಾಗುತ್ತಿದ್ದೆ. ಆ ಸವಲತ್ತನ್ನು ಅವನು ನನಗೆ ಕೊಡಲಿಲ್ಲ.

ಈ ಚಳಿಗಾಲದಲ್ಲಿ ಅವನು ಮತ್ತೆ ಕೆರೆಗೆ ಹೋಗುತ್ತಿದ್ದಾನೆಂದು ಹುಬ್ಬಳ್ಳಿಯ ಒಬ್ಬರಿಂದ ತಿಳಿಯಿತು. ಹೊಸ ಪಿಸ್ಟನ್ ತೆಗೆದಿದ್ದಾನಂತೆ. ಸಹಾಯಕ್ಕೆ ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಒಂದು ಭಾನುವಾರ ತಡೆಯಲಾರದೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಕಲಘಟಗಿ ಬಸ್ಸು ಹಿಡಿದು, ದೇವಿಕೊಪ್ಪದಲ್ಲಿಳಿದು ನಡೆದು ಹೋದೆ. ಒಡ್ಡಿನ ಮೇಲೆ ನೋಡುವವರ ನಡುವೆ ಕೂತೆ.

ಅವನ ಎಡಗಡೆ ಅವನ ಹೆಂಡತಿ ನಿಂತಿದ್ದಳು. ಸೆರಗನ್ನು ತಲೆಯ ಮೇಲಿಂದ ತಂದು ಸೊಂಟಕ್ಕೆ ಬಿಗಿದು, ಮೊಣಕಾಲ ನೀರಿನಲ್ಲಿ ಕೂತು ದೋಣಿ ಬಿಟ್ಟಳು. ಕೂಸನ್ನು ಬಿಟ್ಟಂತೆಯೇ ಬಿಟ್ಟಳು. ಎದ್ದು ಬಂದು ಅವನ ಬಾಜು ನಿಂತು ಹೇಳತೊಡಗಿದಳು. ದೂರದಿಂದ ಮಾತು ಕೇಳಿಸುತ್ತಿರಲಿಲ್ಲ, ತುಟಿ ಆಡುವುದು ಕಾಣುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಬರೆಯಲು ನಾಚಿಕೆಯಿಲ್ಲ.

ಆದರೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಕಂಡಿತು. ಅವಳು ಏನಾದರೂ ಹೇಳಿದ ಪ್ರತಿ ಸಲವೂ ಅವನು ಕತ್ತು ತಿರುಗಿಸಿ ತಾನೇ ನೋಡಿಕೊಳ್ಳುತ್ತಿದ್ದ. ಮುಂದೆ ಖಾಲಿಯಿದೆ ಎಂದರೆ ಮುಂದೆ ನೋಡುತ್ತಿದ್ದ, ಹೊರಗಡೆ ಒಂದು ದೋಣಿ ಇದೆ ಎಂದರೆ ಹೊರಗಡೆ ನೋಡುತ್ತಿದ್ದ. ಅಷ್ಟರಲ್ಲಿ ಅವನ ದೋಣಿ ದಾರಿ ಬಿಟ್ಟು ಅಗಲಕ್ಕೆ ಸರಿಯುತ್ತಿತ್ತು. ತಿರುವಿಗೊಮ್ಮೆ ಹಾಗಾಗಿ ಕೊನೆಯವನಾಗಿ ಬಂದ. ಅವಳು ಸರಿಯಾಗಿಯೇ ಹೇಳುತ್ತಿದ್ದಳು. ಒಡ್ಡಿನ ಎತ್ತರದಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಅವನಿಗೆ ತನ್ನ ಕಿವಿ ಮರಳಿ ಸಿಕ್ಕಿತ್ತು. ಬೇರೆಯವರ ಮಾತಿಗೆ ದೋಣಿ ಬಿಡುವ ಅವನ ಆ ಗುಣ ಸಿಕ್ಕಿರಲಿಲ್ಲ. ನಾನು ಕೆಡಿಸಿದ್ದು ಪಿಸ್ಟನ್ ಒಂದನ್ನೇ ಅಲ್ಲ, ಅವನ ಎಡಗಡೆ ಇನ್ನು ಯಾರು ಬಂದು ನಿಂತರೂ ಅವರ ಜಾಗವನ್ನೂ ಎಂದು ಅವತ್ತು ತಿಳಿಯಿತು.

ಊಟದ ಹೊತ್ತಿಗೆ ಅವಳು ಒಡ್ಡು ಹತ್ತಿ ನನ್ನ ಹತ್ತಿರ ಬಂದಳು. ದೂರದಿಂದಲೇ ಗುರುತು ಹಿಡಿದಿದ್ದಳು.

"ಇಷ್ಟು ದೂರ ಬಂದು ಇಲ್ಲಿ ಕುಂತೀರಿ. ಬಿಸಿಲಿಗೆ ಮೆಣಸಿನಕಾಯಿ ಒಣಗಿಸಾಕ ಬಂದೀರೇನು?"

"ಅಂವ ಕರೀಲಿಲ್ಲ."

"ಅವರು ಕರದಿಲ್ಲ, ಕರಿಯಂಗೂ ಇಲ್ಲ. ನಾ ರೊಟ್ಟಿ ಜಾಸ್ತಿ ತಂದೀನಿ. ಏಳ್ರಿ."

ಜಮಖಾನೆಯ ಒಂದು ಅಂಚಿನಲ್ಲಿ ಕೂತೆ. ಗೆಳೆಯ ರೊಟ್ಟಿ ಮುರಿಯುತ್ತ ಕೆರೆಯನ್ನೇ ನೋಡುತ್ತಿದ್ದ. ನಿಂತುಹೋದ ದೋಣಿಗಳನ್ನು ತರಲು ಟ್ರ್ಯಾಕ್ಟರ್ ಟ್ಯೂಬುಗಳನ್ನು ಕಟ್ಟಿ ಮಾಡಿದ ತೆಪ್ಪವೊಂದನ್ನು ಸ್ಪರ್ಧೆಯವರು ಇಟ್ಟುಕೊಂಡಿದ್ದರು. ಅದರಲ್ಲಿ ಕೂರುವವನು ಅವತ್ತು ಬಂದಿರಲಿಲ್ಲವೆಂದು ಕಾಣುತ್ತದೆ, ಬೆಳಗಿನಿಂದ ಒಬ್ಬೊಬ್ಬರೇ ಸರದಿಯ ಮೇಲೆ ಗೊಣಗುತ್ತ ಹೋಗಿ ಬರುತ್ತಿದ್ದರು.

"ಈಜು ಬರತೈತಿ ಇನ್ನ?" ಎಂದು ಗೆಳೆಯ ಕೇಳಿದ. ನನ್ನ ಕಡೆ ನೋಡಲಿಲ್ಲ.

"ಬರತೈತಿ."

"ತೆಪ್ಪದಾಗ ಕುಂದರ್ತೀಯೇನು?"

ಹೆಂಡತಿ ಅವನ ಮುಖ ನೋಡಿದಳು. ತೆಪ್ಪದವನ ಕೆಲಸದಲ್ಲಿ ಮಾತಿಲ್ಲ. ಓಟ ಮುಗಿಯುವವರೆಗೆ ಕೆರೆಯ ಅಂಚಿನಲ್ಲಿ ಸುಮ್ಮನೆ ಕಾಯಬೇಕು. ಮುಗಿದ ಮೇಲೆ ಹುಟ್ಟು ಹಾಕಿಕೊಂಡು ಹೋಗಿ ಸತ್ತ ದೋಣಿಗಳನ್ನು ಎತ್ತಿ ತಂದು ಅವರವರಿಗೆ ಕೊಡಬೇಕು. ಯಾರೂ ಅವನನ್ನು ಏನೂ ಕೇಳುವುದಿಲ್ಲ.

"ಕುಂದರ್ತೀನಿ," ಎಂದೆ.

ಅಂದಿನಿಂದ ಓಟವಿದ್ದ ಭಾನುವಾರಗಳಲ್ಲೆಲ್ಲ ಹೋಗುತ್ತಿದ್ದೇನೆ. ಮಗ ಬೈಯುತ್ತಾನೆ, ಈ ವಯಸ್ಸಿನಲ್ಲಿ ನೀರಿನ ಮೇಲೆ ಕೂರುವ ಹುಚ್ಚು ಯಾಕೆ ಎನ್ನುತ್ತಾನೆ. ತೆಪ್ಪದಲ್ಲಿ ಕೂತರೆ ಗೆಳೆಯ ಎದುರಿಗೇ ಕಾಣುತ್ತಾನೆ. ಅಷ್ಟು ವರ್ಷ ಬಾಜುದಲ್ಲಿ ನಿಂತಿದ್ದರಿಂದ ಓಡಿಸುವಾಗ ಅವನ ಮುಖ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿರುತ್ತದೆ. ತಿರುವು ಬಂದಾಗ ದೋಣಿಯ ಜೊತೆ ಅವನ ಹೆಗಲೂ ವಾಲುತ್ತದೆ. ಆಮೇಲೆ ಹೆಂಡತಿ ಏನೋ ಹೇಳುತ್ತಾಳೆ, ಅವನ ಕತ್ತು ತಿರುಗುತ್ತದೆ. ಪ್ರತಿ ಸಲ ತಿರುಗಬೇಡ ಎಂದು ಒಳಗೇ ಬೇಡಿಕೊಳ್ಳುತ್ತೇನೆ. ಪ್ರತಿ ಸಲ ತಿರುಗುತ್ತದೆ.

ಹೋದ ಭಾನುವಾರ ಅವನ ದೋಣಿ ನಡುನೀರಿನಲ್ಲಿ ನಿಂತುಹೋಯಿತು. ಇಂಧನ ಮುಗಿದಿತ್ತು ಅಷ್ಟೇ. ಓಟ ಮುಗಿದ ಮೇಲೆ ಹುಟ್ಟು ಹಾಕಿಕೊಂಡು ಹೋಗಿ ಎತ್ತಿಕೊಂಡೆ. ಎಷ್ಟೋ ವರ್ಷಗಳ ಮೇಲೆ ಅವನ ದೋಣಿ ನನ್ನ ಕೈಗೆ ಬಂದಿತ್ತು. ಇನ್ನೂ ಬೆಚ್ಚಗಿತ್ತು, ಔಡಲೆಣ್ಣೆಯ ವಾಸನೆ ಬರುತ್ತಿತ್ತು. ಮಡಿಲಲ್ಲಿಟ್ಟುಕೊಂಡು ಬೇಕಾದ್ದಕ್ಕಿಂತ ನಿಧಾನವಾಗಿ ದಡಕ್ಕೆ ಬಂದೆ. ಅವನು ನೀರಿಗೆ ಇಳಿದು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡ. ತೆಗೆದುಕೊಂಡವನೇ ದೋಣಿಯನ್ನು ತಿರುಗಿಸಿ, ನನ್ನ ಮುಂದೆಯೇ, ಬಾಗಿ ಸೂಜಿ ನೋಡಿದ. ನೋಡಿ, "ಹೂಂ," ಎಂದ.

ಅದು ಅವನ ಹಕ್ಕು. ಇನ್ನು ಮುಂದೆ ದೋಣಿ ಕೊಡುವಾಗ ಅವನು ತಿರುಗಿಸಿ ನೋಡುವ ಕಷ್ಟವಿರಬಾರದು. ಸೂಜಿ ಅವನ ಕಡೆಗೇ ಬರುವಂತೆ ಹಿಡಿದು ಕೊಡುತ್ತೇನೆ.